ಬಾಕಿ ಉಳಿದ ಜವಾಬು

ಅರ್ಜಿಯ ಮೂರನೇ ಪುಟಕ್ಕೆ ಬಂದಾಗ ನಿಷತಳ ಪೆನ್ನು ನಿಂತಿತು.

"ಕೊನೀ ಕಾರ್ಯಕ್ರಮ ಒಂಬತ್ತು ವರ್ಷದ ಹಿಂದ ಅಂತ ಬರದೀರಿ. ತಪ್ಪಾಗೇತೇನ್ರಿ?"

"ತಪ್ಪಿಲ್ರಿ ಮೇಡಮ್," ಎಂದ ಜಹೀರ. ಆ 'ಮೇಡಮ್' ಹೇಳುವಾಗ ಮೀಸೆಯಡಿ ಒಂದು ನಗು ಬಂದು, ತನಗಿಲ್ಲಿ ಕೆಲಸವಿಲ್ಲವೆಂದು ವಾಪಸು ಹೋಯಿತು.

ಮಸೂತಿ ಊರಿನ ಈ ಗೋದಾಮಿನಲ್ಲಿ ಅವನು ಹನ್ನೊಂದು ಹುಡುಗಿಯರಿಗೆ ಗೀಗೀ ಪದ ಕಲಿಸುತ್ತಾನೆ. ತಿಂಗಳ ಕೊನೆಗೆ ಗೋದಾಮು ಖಾಲಿ ಮಾಡಬೇಕು. ನಿಷತ ಮುಖ್ಯಸ್ಥೆಯಾಗಿರುವ ಕಲಾ ಪ್ರತಿಷ್ಠಾನ ಒಪ್ಪಿದರೆ ಬೇರೆ ಜಾಗ ಸಿಗುತ್ತದೆ, ಇಲ್ಲವಾದರೆ ಹಾಡು ಅಲ್ಲಿಗೆ ಮುಗಿಯಿತು. ಅದಕ್ಕೆ ಬೇಕಾದದ್ದು ಅವಳ ಒಂದು ಸಹಿ.

ಒಂದು ಕಾಲಕ್ಕೆ ಇಬ್ಬರೂ ಎದುರಾಳಿಗಳು. ಗಂಡು ಹೆಚ್ಚೆಂದು ವಾದಿಸುವ ಹರದೇಶಿ ಮೇಳ ಅವನದು, ಹೆಣ್ಣು ಹೆಚ್ಚೆನ್ನುವ ನಾಗೇಶಿ ಅವಳದು. ಇವರ ಸವಾಲು-ಜವಾಬು ಕೇಳಲು ಸಿಂದಗಿ, ಮುದ್ದೇಬಿಹಾಳದಿಂದ ಜನ ಟಂಟಂ ತುಂಬಿಕೊಂಡು ಬರುತ್ತಿದ್ದರು. ಕೊನೆಯ ಸಲ ದೇವರ ಹಿಪ್ಪರಗಿಯಲ್ಲಿ, ಸೋಲುತ್ತಿದ್ದ ಜಹೀರ ಅವಳನ್ನೇ ನೋಡುತ್ತ ದಪ್ಪು ಬಡಿದು ಹಾಡಿದ್ದ: "ಗೆದ್ದಾಕಿ ತನ್ನ ಮನಿಗಿ ಹೋಗತಾಳ, ಸೋತಾಂವ ಯಾರ ಮನಿಗಿ ಹೋಗಬೇಕ?"

ಜನ ಬಿದ್ದು ಬಿದ್ದು ನಕ್ಕರು. ನಿಷತಳ ಕಿವಿ ಕೆಂಪಾಯಿತು, ಪದ ಹೊಳೆಯಲಿಲ್ಲ. ಜವಾಬು ಮುಂದಿನ ಮೇಳಕ್ಕೆ ಎಂದು ಹೇಳಿ ಕೆಳಗಿಳಿದಳು.

ಮುಂದಿನ ಮೇಳ ಬರುವ ಮೊದಲೇ ಪ್ರತಿಷ್ಠಾನದಲ್ಲಿ ಅರ್ಜಿ ಟೈಪು ಮಾಡುವ ಕೆಲಸ ಸಿಕ್ಕಿತು. ಟೈಪು ಮಾಡುತ್ತ ಮಾಡುತ್ತ ಅರ್ಜಿ ಓದುವವಳಾದಳು, ಆಮೇಲೆ ದಾನಿಗಳ ಮನ ಒಲಿಸುವವಳಾದಳು, ಕೊನೆಗೆ ಮುಖ್ಯಸ್ಥೆಯ ಕುರ್ಚಿಗೆ ಬಂದಳು. ಊರೂರಿನ ಹಾಡುಗಾರರಿಗೆ ಆಸರೆಯಾದಳು. ತಾನು ಹಾಡುವುದು ಮಾತ್ರ ಎಲ್ಲೋ ನಡುವೆ ನಿಂತುಹೋಯಿತು.

"ಮತ್ತ ಯಾಕ ಹಾಡಲಿಲ್ರಿ?" ನಿಷತ ಅವನನ್ನು ಕೇಳಿದಳು.

"ಜವಾಬು ಬಾಕಿ ಇದ್ದಾಗ ಇನ್ನೊಬ್ಬರ ಎದುರು ನಿಲ್ಲಬಾರದು ಅಂತ ನಮ್ಮಾಗ ಪದ್ಧತಿ ಐತಲ್ರಿ. ಅದಕ್ಕ ನಿಲ್ಲಲಿಲ್ಲ. ಸುಮ್ಮ ಕಲಿಸಾಕತ್ತೇನಿ."

ಇದನ್ನು ಅವನು ಬಸ್ಸಿನ ವೇಳೆ ಹೇಳುವ ಹಾಗೆ ಹೇಳಿದ. ಅವಳು ಆ ಸವಾಲನ್ನು ತಮಾಷೆಯೆಂದು ಮರೆತಿದ್ದಳು, ಅಲ್ಲ, ಮರೆತೆನೆಂದುಕೊಂಡಿದ್ದಳು. ಈಗ ಎದೆಯಲ್ಲಿ ಸಂಕಟವಾಯಿತು, ಅದರ ಹಿಂದೆಯೇ ನಾಚಿಕೆಯಿಲ್ಲದ ಒಂದು ಸಂತೋಷವೂ ಆಯಿತು.

ಕೊನೆಯ ಪುಟದಲ್ಲಿ ಅವಳೇ ತಂದ ನಿಯಮವಿತ್ತು. ಅರ್ಜಿದಾರರು ತಮಗೆ ಆಪ್ತರಾಗಿದ್ದರೆ ಪರಿಶೀಲಿಸುವವರು ಹಾಗೆಂದು ಬರೆಯಬೇಕು, ಕಡತ ಬೇರೆಯವರ ಕೈಗೆ ಹೋಗುತ್ತದೆ. ಬೇರೆಯವರೆಂದರೆ ಪ್ರತಿಷ್ಠಾನದಲ್ಲಿ ಅರ್ಜಿ ನೋಡುವ ಇನ್ನೊಬ್ಬರು, ವಿಜಯಲಕ್ಷ್ಮಿ. ಅವರು ಸುಲಭಕ್ಕೆ ಯಾರಿಗೂ ಹೂಂ ಅಂದವರಲ್ಲ.

"ಆಪ್ತರಲ್ಲ ಅಂತ ಬರದಬಿಡ್ರಿ," ಜಹೀರ ಮೆಲ್ಲಗೆ ಹೇಳಿದ. "ಹುಡುಗ್ಯಾರಿಗೆ ಜಾಗಾರ ಸಿಗತೈತಿ."

ಅವಳು ಅವನನ್ನೇ ನೋಡಿದಳು. ಅವನು ದಪ್ಪು ಒರೆಸುವ ನೆಪದಲ್ಲಿ ತಲೆ ತಗ್ಗಿಸಿದ. ಈ ಸಲ ಕೆಂಪಾಗಿದ್ದು ಅವನ ಕಿವಿ.

ನಿಷತ ಬರೆದು, ಸಹಿ ಮಾಡಿ, ಪುಟವನ್ನು ಅವನ ಕಡೆ ತಿರುಗಿಸಿದಳು. 'ಇವರು ನನಗೆ ಆಪ್ತರು. ಒಂಬತ್ತು ವರ್ಷದಿಂದ.'

"ಏನ್ ಮಾಡಿದಿ ನಿಷತ? ಹುಡುಗ್ಯಾರ ಗತಿ ಏನು?" ಮೇಡಮ್ ಎನ್ನುವುದು ಅವನಿಗೆ ಮರೆತೇ ಹೋಗಿತ್ತು.

"ಚಲೋ ಹಾಡತಾರ. ವಿಜಯಲಕ್ಷ್ಮಿ ಮೇಡಮ್ ಬಂದ್ರೂ ಚಲೋನ ಹಾಡತಾರ. ಸುಳ್ಳ ಬರದು ಜಾಗಾ ಕೊಡಸೂದು ನನ್ನ ಕಡಿಂದ ಆಗಾಂಗಿಲ್ಲ."

ಕಡತ ಚೀಲಕ್ಕೆ ಸೇರಿತು. ಬಾಗಿಲ ತನಕ ಹೋದವಳು ತಿರುಗಿ ನೋಡಿದಳು.

"ಶುಕ್ರವಾರ ಇಂಡಿ ಊರಾಗ ನಮ್ಮ ಮನ್ಯಾಗ ಎಲ್ಲಾರೂ ಇರ್ತಾರ. ನಿಮ್ಮ ಹಿರ್ಯಾರನ್ನ ಕರಕೊಂಡ ಬಾ."

"ಯಾಕ?"

"ಜವಾಬು ಬೇಕಿತ್ತಲ್ಲ. ಸೋತಾಂವ ಗೆದ್ದಾಕಿ ಮನಿಗಿ ಬರಬೇಕ."