ಸೋಲಾರ್ ಮೇಲಿನ ಸಂಡಿಗೆ

"ನಿಮ್ಮ ಹೊಸ್ತಿಲಾ ಇನ್ನ ದಾಟೂದಿಲ್ರಿ."

ಹನ್ನೊಂದು ವರ್ಷದ ಹಿಂದೆ ಬಿಬವೇವಾಡಿಯ ಆ ಮನೆಯ ಬಾಗಿಲಲ್ಲಿ ಚನ್ನವೀರ ಕೊಟ್ಟ ಮಾತು ಅದು. ಶೈಲಶ್ರೀಯನ್ನು ಮದುವೆಗೆ ಕೇಳಲು ಬಂದಿದ್ದ. ರೇಡಿಯೋ ರಿಪೇರಿಯವನಿಗೆ ಮಗಳನ್ನು ಕೊಡುವುದಿಲ್ಲ ಎಂದು ಅವಳಪ್ಪ ಫಕೀರಪ್ಪ ಹೇಳಿಬಿಟ್ಟಿದ್ದರು.

ಈಗ, 2006ರ ಏಪ್ರಿಲ್ ಮಧ್ಯಾಹ್ನ, ಅವಳ ಫೋನಿಗೆ ಓಡಿಬಂದ ಅದೇ ಚನ್ನವೀರ ಮಾಳಿಗೆಗೆ ಹೋಗುವ ಹೊರಗಿನ ಮೆಟ್ಟಿಲ ಬಳಿ ನಿಂತಿದ್ದ.

"ಸೇಡು ತೀರಿಸ್ಕೊಂಡ್ರೇನು?" ಶೈಲಶ್ರೀ ಕೇಳಿದಳು.

ಒಳಗೆ ಅಪ್ಪನ ಎದೆ ಸಿಳ್ಳೆ ಹಾಕುತ್ತಿತ್ತು. ಲೋಡ್ ಶೆಡ್ಡಿಂಗ್. ಔಷಧವನ್ನು ಆವಿಯಾಗಿಸಿ ಉಸಿರಿಗೆ ಕೊಡುವ ಯಂತ್ರ ಸುಮ್ಮನೆ ಕೂತಿತ್ತು. ಆಸ್ಪತ್ರೆಗೆ ಒಯ್ಯಲು ರಿಕ್ಷಾ ತರಲು ಓಡಿದ ಪಕ್ಕದ ಮನೆಯ ಮಧುಕರ ಇನ್ನೂ ಬಂದಿರಲಿಲ್ಲ.

ಇದಕ್ಕೆಂದೇ ಅವಳು ಹೋದ ತಿಂಗಳು ಸೋಲಾರ್ ಹಾಕಿಸಿದ್ದಳು. ಆ ಸೋಲಾರ್ ಅಂಗಡಿ ಚನ್ನವೀರನದೆಂದು ತಿಳಿದದ್ದು ಅವನು ಬಂದು ನಿಂತಾಗಲೇ. ಮಾಳಿಗೆಯ ಕೆಲಸ ಮುಗಿಸಿ, ವೈರನ್ನು ಕಿಟಕಿಯಿಂದ ಇಳಿಬಿಟ್ಟು, ಒಳಗಿನ ಬ್ಯಾಟರಿ, ಇನ್ವರ್ಟರ್‌ಗಳನ್ನು ಕೆಲಸದವರಿಂದ ಹಾಕಿಸಿ ಹೋಗಿದ್ದ. ಅವಳೊಡನೆ ಒಂದು ಮಾತೂ ಇಲ್ಲ.

ಎಷ್ಟು ಸೊಕ್ಕು... ಅಂದುಕೊಂಡಿದ್ದಳು.

ಹಗಲಿಡೀ ಬಿಸಿಲುಂಡ ಬ್ಯಾಟರಿ, ಕರೆಂಟ್ ಹೋದಾಗಲೆಲ್ಲ ಅಪ್ಪನ ಯಂತ್ರ ನಡೆಸುತ್ತಿತ್ತು. ಮೂರು ದಿನದಿಂದ ಸೊರಗುತ್ತ ಬಂದು, ಇವತ್ತು ನಿಂತೇಬಿಟ್ಟಿತು.

ಚನ್ನವೀರ ಮಾಳಿಗೆ ಹತ್ತಿದ. ಅವಳೂ ಹಿಂದೆಯೇ ಓಡಿದಳು.

ಸೋಲಾರ್ ಫಲಕದ ಮೇಲೆ ಅವಳದೇ ಹತ್ತಿ ಸೀರೆ. ಅದರ ತುಂಬ ಬೆಳಿಗ್ಗೆ ಇಟ್ಟ ಸಂಡಿಗೆ. ಇರುವೆ ಹತ್ತದ, ಚೆನ್ನಾಗಿ ಕಾಯುವ ಜಾಗ ಸಿಕ್ಕಿತೆಂದು ಮೂರು ದಿನದಿಂದ ಎಷ್ಟು ಹಿಗ್ಗಿದ್ದಳು!

"ಆ ತುದಿ ಹಿಡೀರಿ. ಸಂಡಿಗಿ ಕೆಡಬಾರದು," ಎಂದ ಅವನು. "ಗಾಜಿನ ಮ್ಯಾಲ ನೆರಳ ಬಿದ್ರ ಬ್ಯಾಟರಿ ಉಪವಾಸ ಬೀಳ್ತದ. ಅವತ್ತ ಹೇಳಬೇಕಿತ್ತು ನಿಮಗ... ಹೇಳಾಕ ಒಳಗ ಬರಬೇಕಿತ್ತು."

ಸೊಕ್ಕಲ್ಲ. ಕೊಟ್ಟ ಮಾತು.

"ಈಗ ಚಾಲೂ ಆಗೂದಿಲ್ಲೇನ್ರಿ?"

"ಬ್ಯಾಟರಿ ತುಂಬೂದ್ರಾಗ ಸಂಜಿ ಆಗ್ತದ."

ಸಂಜೆ... ಅಪ್ಪನಿಗೆ ಅಷ್ಟು ಹೊತ್ತು ಎಲ್ಲಿದೆ?

ಅವನು ಕೆಳಗೋಡಿ, ತನ್ನ ಟೆಂಪೋದಲ್ಲಿದ್ದ ತುಂಬಿದ ಬ್ಯಾಟರಿಯನ್ನು ಎದೆಗವಚಿ ತಂದ. ಹೊಸ್ತಿಲಲ್ಲಿ ಕಾಲು ನಿಂತಿತು. ಬ್ಯಾಟರಿಯನ್ನು ಒಳಗೆ ಸರಿಸಿ, ಯಾವ ವೈರ್ ಎಲ್ಲಿಗೆಂದು ಅಲ್ಲಿಂದಲೇ ಹೇಳತೊಡಗಿದ. ನಟ್ಟು ಬಿಗಿಯಲು ಹಿಡಿದ ಪಾನಾ ಶೈಲಶ್ರೀಯ ಕೈಯಿಂದ ಜಾರಿತು.

"ನನ್ನ ಕೈಲೆ ಆಗೂದಿಲ್ಲ, ಚನ್ನು."

ಹನ್ನೊಂದು ವರ್ಷದ ಮೇಲೆ ಆ ಹೆಸರು. ಒಳಗಿಂದ ಫಕೀರಪ್ಪ ಏದುಸಿರಲ್ಲೇ ಅಂದರು: "ಅವನ್ನ... ಹೊರಗ್ಯಾಕ ನಿಂದರಿಸೀ?"

ಚನ್ನವೀರ ಹೊಸ್ತಿಲು ದಾಟಿ ಬಂದು ವೈರ್ ಜೋಡಿಸಿದ. ಯಂತ್ರ ಗುಂಯ್‌ಗುಟ್ಟಿತು. ಅರ್ಧ ತಾಸಿಗೆ ಅಪ್ಪನ ಎದೆ ಹಗುರಾಗಿ, ನಿದ್ದೆ ಹತ್ತಿತು. ಬಂದ ರಿಕ್ಷಾವನ್ನು ಮಧುಕರ ತಿರುಗಿ ಕಳಿಸಿದ.

ಚನ್ನವೀರ ಗೋಡೆಗೊರಗಿ ನೆಲದ ಮೇಲೆ ಕೂತಿದ್ದ. ಅವಳು ನೀರು ಕೊಟ್ಟಳು.

"ನಾ ಯಾರಿಗೂ ಹೂಂ ಅನ್ನಲಿಲ್ಲ, ಚನ್ನು."

"ನಾನೂ ಯಾರನ್ನೂ ಕೇಳಲಿಲ್ಲ." ನೀರು ಕುಡಿದು ಕೇಳಿದ, "ಸಂಡಿಗಿ ಕರದ ಕೊಡ್ತೀಯೇನು?"

"ಇನ್ನೂ ಹಸಿ ಅದಾವ."

"ಒಣಗೂತನಕ ಕೂಡತೀನಿ."

ಚನ್ನವೀರ ಕೊಟ್ಟಿದ್ದ ಮಾತು ಮುರಿಯಿತು.