ನಾನೂರ ಹದಿನೇಳನೇ ನಂಬರು

ಸಭೆಯಲ್ಲಿ ಜನ ನಕ್ಕಿದ್ದನ್ನು ವೇಣಿ ಕ್ಷಮಿಸಬಹುದಿತ್ತು. ತೆರೆಯ ಮೇಲಿನ ಮುದುಕಿ ಯಾರ ತಾಯಿ ಎಂದು ಅವರಿಗೇನು ಗೊತ್ತು? ಆದರೆ ಆ ವಿಡಿಯೋ ಹಾಕಿದ ಡಾಕ್ಟರ್ ಶರಣ್ಯಳಿಗೆ ಗೊತ್ತಿತ್ತು. ವೇಣಿಯ ತಾಯಿ ಮುನಿಯಕ್ಕ ಸಾಯುವ ವರ್ಷ ಪರೀಕ್ಷೆಗೆಂದು ಮಾತ್ರ ತೆಗೆದ ವಿಡಿಯೋ ಅದು. ಪಕ್ಕದಲ್ಲಿ ಕೂತ ಮಗಳನ್ನೇ ನೋಡಿ ಮುನಿಯಕ್ಕ, "ನೀನ್ಯಾರವ್ವಾ? ನಮ್ ವೇಣಿ ಎಲ್ಲೋದ್ಳು, ಕಂಡ್ಯಾ?" ಎನ್ನುತ್ತಾಳೆ. ಸಭಾಂಗಣ ಗೊಳ್ಳೆಂದಿತು. ಶರಣ್ಯಳೂ ಮೈಕಿನ ಮುಂದೆ ಸಣ್ಣಗೆ ನಕ್ಕು, ಮುಂದಿನ ಚಿತ್ರಕ್ಕೆ ಹೋದಳು.

ಹಿಂದಿನ ಸಾಲಿನಲ್ಲಿದ್ದ ವೇಣಿಯ ಮೈ ಉರಿದುಹೋಯಿತು. ಮರೆವಿನ ಕಾಯಿಲೆ ಬರುವ ಹದಿನೈದು ವರ್ಷ ಮೊದಲೇ ಅದರ ಗುರುತು ರಕ್ತದ ಒಂದು ಪ್ರೋಟೀನಿನಲ್ಲಿ ಕಾಣುತ್ತದೆಂದು ತೋರಿಸುವುದು ಶರಣ್ಯಳ ಲ್ಯಾಬಿನ ಕೆಲಸ. ಆ ರಕ್ತ ತಂದವರು ಯಾರು? ಲ್ಯಾಬ್ ಇರುವ ಹೂಡಿಯಲ್ಲೇ ಹುಟ್ಟಿ ಬೆಳೆದ ವೇಣಿ. ಒಂಬತ್ತು ವರ್ಷ ಮನೆಮನೆಗೆ ಹೋಗಿ, "ದೊಡ್ಡಮ್ಮಾ, ಇರುವೆ ಕಚ್ಚಿದಂಗೆ ಅಷ್ಟೇಯಾ" ಎಂದು ಪುಸಲಾಯಿಸಿದವಳು ಅವಳು. ಹೆಸರು ಮಾಡಿದವಳು ಶರಣ್ಯ. ಹೆಸರು ಹಾಳಾಗಿ ಹೋಗಲಿ, ಅಮ್ಮನನ್ನು ನಗೆಪಾಟಲು ಮಾಡಿದವಳನ್ನು ಸುಮ್ಮನೆ ಬಿಡುವ ಮಾತೇ ಇರಲಿಲ್ಲ.

ಮಾರನೆಯ ದಿನ ಕೇಳಿಯೂ ಕೇಳಿದಳು. "ಅಮ್ಮನ ವಿಡಿಯೋ ಯಾಕೆ ಹಾಕಿದ್ರಿ ಮೇಡಂ?"

"ಅಯ್ಯೋ ವೇಣಿ, ಮುಖ ಬ್ಲರ್ ಮಾಡಿದ್ವಲ್ಲ. ಇದನ್ನೆಲ್ಲ ಪರ್ಸನಲ್ ಆಗಿ ತಗೋಬಾರ್ದು ಕಣ್ರೀ."

ಮುಖ ಮುಚ್ಚಿದ್ದರು, ನಿಜ. ದನಿಯನ್ನು ಯಾರು ಮುಚ್ಚಿದ್ದರು? ವೇಣಿ ತಲೆಯಾಡಿಸಿ ಹೊರಗೆ ಬಂದಳು. ಅಂದೇ ಯೋಚನೆ ಶುರುವಾಯಿತು.

ದಾರಿಯನ್ನು ಶರಣ್ಯಳೇ ಮಾಡಿಟ್ಟಿದ್ದಳು. ಐವತ್ತು ದಾಟಿದ ಸಿಬ್ಬಂದಿ ವರ್ಷಕ್ಕೊಮ್ಮೆ ರಕ್ತ ಕೊಡಬೇಕು, ಗುರುತು ಕಂಡವರು ಕುರ್ಚಿ ಬಿಡಬೇಕು ಎಂಬ ನಿಯಮ ಅವಳದೇ. ಹಳೆಯ ಮುಖ್ಯಸ್ಥ ವಾದಿರಾಜರನ್ನು ಸಾಗಹಾಕಲು ಅದನ್ನು ತಂದಿದ್ದಳು. ಈ ಜೂನ್‌ಗೆ ಶರಣ್ಯಳಿಗೇ ಐವತ್ತೊಂದು ತುಂಬಿತ್ತು. ನಲವತ್ತೆಂಟರ ವೇಣಿಗೆ ನಿಯಮ ತಾಗುತ್ತಿರಲಿಲ್ಲ.

ಫ್ರೀಜರಿನಲ್ಲಿ ಐನೂರು ಜನರ ರಕ್ತದ ತಿಳಿ, ಒಬ್ಬೊಬ್ಬರದು ನಾಲ್ಕು ಪುಟ್ಟ ಟ್ಯೂಬುಗಳಲ್ಲಿ ಇತ್ತು. ಮೇಲೆ ನಂಬರು ಮಾತ್ರ. ಯಾವ ನಂಬರು ಯಾರದೆಂಬ ಪಟ್ಟಿ ಮುಖ್ಯಸ್ಥೆಯ ಬೀರುವಿನಲ್ಲಿ, ಬೀಗದೊಳಗೆ. ಆದರೆ ಯಾವ ನಂಬರಿನಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಮೆಷಿನ್ನು ಹೇಳುವಾಗ ಎದುರಿಗೆ ಕೂತಿರುವವಳು ವೇಣಿ. ನಾನೂರ ಹದಿನೇಳರಲ್ಲಿ ಅದು ಯಾರಿಗೂ ಅನುಮಾನ ಉಳಿಯದಷ್ಟು ಏರಿತ್ತು. ಯಾವ ಮನೆಯ ಪಾಪದ ಮುದುಕಿಯೋ ಎಂದುಕೊಂಡಳು.

ಶರಣ್ಯಳ ರಕ್ತದ ಬದಲು ಇದರ ಒಂದು ಟ್ಯೂಬ್ ಮೊದಲ ಪರೀಕ್ಷೆಗೆ. ಶರಣ್ಯ ನಂಬದೆ ಮತ್ತೆ ರಕ್ತ ಕೊಡುತ್ತಾಳೆ, ಕೊಡದೆ ಇರುವವಳಲ್ಲ; ಅದಕ್ಕೆ ಇನ್ನೊಂದು. ಕರಗಿಸುವಾಗ ಟ್ಯೂಬ್ ಬಿರುಕು ಬಿಡುವುದು ಲ್ಯಾಬಿನಲ್ಲಿ ಮಾಮೂಲು, ರಿಜಿಸ್ಟರಿನಲ್ಲಿ ಬೇರೆ ಬೇರೆ ತಾರೀಖಿಗೆ ಎರಡನ್ನೂ ಬಿರುಕೆಂದು ಬರೆದರೆ ಮುಗಿಯಿತು. ಮಿದುಳಿನ ಸ್ಕ್ಯಾನ್ ಮಾಡಿಸಿದರೆ? ಮಾಡಿಸಲಿ. ಸ್ಕ್ಯಾನಿನಲ್ಲಿ ಏನೂ ಕಾಣದಿರುವಾಗಲೇ ರಕ್ತ ಹೇಳಿಬಿಡುತ್ತದೆ ಎಂದು ಕಂಡಕಂಡ ವೇದಿಕೆಯಲ್ಲಿ ಭಾಷಣ ಬಿಗಿದವಳು ಅವಳೇ ಅಲ್ಲವೇ! ಈಗ ತನ್ನ ಮಾತನ್ನು ತಾನೇ ನುಂಗಲಿ.

ಬೆಳಗಿನ ಹನ್ನೊಂದಕ್ಕೆ ಎಲ್ಲರೂ ಟೀ ಕುಡಿಯಲು ಕೆಳಗಿಳಿದಾಗ ವೇಣಿ ಕೆಲಸ ಮುಗಿಸಿದಳು. ಖಾಲಿಯಾದ ಟ್ಯೂಬನ್ನು ರಿಜಿಸ್ಟರಿನಲ್ಲಿ ಬಿರುಕೆಂದು ಬರೆದಳು. ಹತ್ತು ದಿನದ ಮೇಲೆ ಎರಡನೇ ಸಲವೂ ಹಾಗೇ ಮಾಡಿದಳು.

ಎರಡನೇ ವರದಿ ಬಂದ ಸಂಜೆ ಶರಣ್ಯ ತಾನಾಗಿ ಅವಳ ಮೇಜಿನ ಹತ್ತಿರ ಬಂದು ಕೂತಳು. ಮುಖ ಬಿಳುಚಿಕೊಂಡಿತ್ತು.

"ವೇಣಿ, ಹೋದ ತಿಂಗಳು ಮಾಲ್‌ನಲ್ಲಿ ಕಾರ್ ಎಲ್ಲಿ ನಿಲ್ಸಿದ್ದೆ ಅಂತ ಮರ್ತೋಗಿತ್ತು. ಅರ್ಧ ಗಂಟೆ ಹುಡುಕ್ದೆ. ಆವಾಗ್ಲೇ ಶುರುವಾಗಿತ್ತು ಅಂತೀರಾ?"

ಯಾರಿಗೆ ಬೇಕಾದರೂ ಆಗುವ ಮರೆವು ಅದು. ಅಷ್ಟು ಹೇಳಿದ್ದರೆ ಆ ಹೆಂಗಸು ಅಂದು ರಾತ್ರಿ ನಿದ್ದೆ ಮಾಡುತ್ತಿದ್ದಳು.

"ಇರ್ಬಹುದು ಮೇಡಂ," ಎಂದಳು ವೇಣಿ. "ನಮ್ಮಮ್ಮಂಗೂ ಹಿಂಗೇ ಶುರುವಾಗಿದ್ದು."

ಶರಣ್ಯ ಅತ್ತಳು. ವೇಣಿಗೆ ಹೊಟ್ಟೆ ತುಂಬ ಉಂಡಷ್ಟು ತೃಪ್ತಿಯಾಯಿತು. ನಗು, ಈಗ ನಗು ನೋಡೋಣ ಎಂದು ಮನಸ್ಸಿನೊಳಗೇ ಕೂಗಿದಳು. ಆ ವಾರವೇ ಶರಣ್ಯ ರಾಜೀನಾಮೆ ಬರೆದಳು. ಹೊಸಬರು ಬರುವವರೆಗೆ ಲ್ಯಾಬಿನ ಉಸ್ತುವಾರಿ ಹಳಬಳಾದ ವೇಣಿಗೆ ಬಂತು, ಜೊತೆಗೆ ಬೀರುವಿನ ಬೀಗದ ಕೈಯೂ.

ಶುಕ್ರವಾರ ಮಧ್ಯಾಹ್ನ ವೇಣಿ ಬೀರು ತೆಗೆದಳು. ಕೋಪ ತೀರಿದ ಮೇಲೆ ಮನಸ್ಸು ಉದಾರವಾಗಿತ್ತು. ಆ ಪಾಪದ ಮುದುಕಿ ಯಾರೆಂದು ನೋಡಿ ಮನೆಯವರಿಗೆ ಮೆಲ್ಲಗೆ ಒಂದು ಮಾತು ಹೇಳಬೇಕೆನ್ನಿಸಿತು. ಪಟ್ಟಿಯ ಮೇಲೆ ಬೆರಳು ಇಳಿಸುತ್ತ ಬಂದಳು. ೪೧೭: ವೇಣಿ, ಹೆಣ್ಣು, ವಯಸ್ಸು ನಲವತ್ತಾರು, ಹೂಡಿ. ತಾರೀಖು ಎರಡು ವರ್ಷದ ಹಿಂದಿನ ಆಯುಧಪೂಜೆಯ ಮುನ್ನಾದಿನದ್ದು. ತೊಳೆದು ಕುಂಕುಮವಿಟ್ಟ ಮೆಷಿನ್ನನ್ನು ಹಬ್ಬ ಮುಗಿಯುವವರೆಗೆ ಮುಟ್ಟುವಂತಿಲ್ಲವಾದ್ದರಿಂದ, ಅಂದೇ ಕೆಲಸ ಮುಗಿಸಲು ಬಾರದೆ ಉಳಿದ ಮೂವರ ನಂಬರಿಗೆ ಲ್ಯಾಬಿನವರೇ ರಕ್ತ ಕೊಟ್ಟು ಐನೂರು ತುಂಬಿಸಿದರೆಂದು ಪಕ್ಕದಲ್ಲಿ ಷರಾ ಇತ್ತು. ರಕ್ತ ತೆಗೆದವರು ಶರಣ್ಯ. ಟ್ಯೂಬಿಗೆ ನಂಬರು ಅಂಟಿಸಿದವರು ವೇಣಿ. ಕೆಳಗೆ ಒಪ್ಪಿಗೆಯ ಸಹಿ, ಅನುಮಾನವೇ ಇಲ್ಲ, ಅವಳದೇ. ವೇಣಿ ಎಡಗೈ ತೋಳನ್ನು ಚಾಚಿ ನೋಡಿಕೊಂಡಳು. ಆ ಹಬ್ಬಕ್ಕೆ ಒಡೆದ ಬೂದುಗುಂಬಳಕಾಯಿ ನೆನಪಿತ್ತು, ಹಂಚಿದ ಪುರಿ ಕಡಲೆ ನೆನಪಿತ್ತು. ಸೂಜಿ ಚುಚ್ಚಿಸಿಕೊಂಡದ್ದು ಎಷ್ಟು ತಡಕಾಡಿದರೂ ನೆನಪಾಗಲಿಲ್ಲ.