ಪ್ರಬುದ್ಧ ಸರ್ ಇರದಿದ್ದ ದಿನಗಳು

ಮೈಲಾರೇಶ ಮೊದಲ ತಪ್ಪು ಮಾಡಿದಾಗ ನಾನು ನಕ್ಕುಬಿಟ್ಟೆ.

ನಮ್ಮದು ಹಲವಾಗಲು ಕಡೆಯ ಹೊಳೆದಂಡೆಯ ಸಣ್ಣ ಹೈಸ್ಕೂಲು. ಎಸ್ಸೆಸ್ಸೆಲ್ಸಿ ಮಕ್ಕಳ ಬೀಳ್ಕೊಡುಗೆಯ ದಿನ ಇಲ್ಲಿ ಭಾಷಣ ಇರುವುದಿಲ್ಲ. ಹೆಡ್‌ಮಾಸ್ಟರ್ ಗುರುಸಂಗಪ್ಪನವರು ಹಾಕಿಕೊಟ್ಟ ಪದ್ಧತಿ ಬೇರೆ. ಹೋಗುವ ಮಕ್ಕಳು ಒಬ್ಬೊಬ್ಬರಾಗಿ ಎದ್ದು ಮೂರು ವರ್ಷದ ಒಂದೇ ಒಂದು ನೆನಪು ಹೇಳಬೇಕು, ಕ್ಲಾಸ್ ಟೀಚರ್ ಅದನ್ನು ಉದ್ದ ಬುಕ್ಕಿನಲ್ಲಿ ತಾರೀಖಿನ ಸಮೇತ ಬರೆದುಕೊಳ್ಳಬೇಕು, ಹೇಳಿದವರು ಕೆಳಗೆ ಸಹಿ ಹಾಕಬೇಕು. ಈ ಸಲ ಬರೆಯುವವಳು ನಾನು, ಸುಮಂಗಲಾ. ಗಣಿತ ಕಲಿಸುವವಳು. ತಾರೀಖು ಒಂದು ದಿನ ಆಚೀಚೆಯಾದರೂ ನನಗೆ ಊಟ ಸೇರುವುದಿಲ್ಲ.

"ಎಂಟನೇ ಕ್ಲಾಸಿನ್ಯಾಗ ದೊಡ್ಡ ಗಾಳಿ ಬಂದು ತಗಡು ಹಾರಿದ್ವು," ಎಂದ ಮೈಲಾರೇಶ. "ಟೀಚರ್ ನಮ್ಮನ್ನೆಲ್ಲ ಬೆಂಚಿನ ಕೆಳಗ ಕುಂದ್ರಿಸಿದ್ರು. ಪ್ರಬುದ್ಧ ಸರ್ ಬಾಗಿಲಾ ಒತ್ತಿ ಹಿಡ್ಕೊಂಡು ನಿಂತಿದ್ರು."

"ಲೇ, ಪ್ರಬುದ್ಧ ಸರ್ ಬಂದು ಇನ್ನೂ ಎಂಟೇ ತಿಂಗಳಾತು. ಆವತ್ತು ಬಾಗಿಲಾ ಹಿಡ್ದಾಕಿ ನಾನು."

ಹುಡುಗ ನಗಲಿಲ್ಲ. "ನೀವು ಒಳಗ ನಮ್ಮ ಜೊತಿಗೆ ಇದ್ರಿ, ಟೀಚರ್" ಎಂದು ಸಹಿ ಹಾಕಿ ಕೂತ.

ಕಿಟಕಿಯ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದ ಪ್ರಬುದ್ಧ ನನ್ನತ್ತ ನೋಡಿ ಹುಬ್ಬು ಹಾರಿಸಿದ. ತೋಳು ಮಡಚಿದ ತಿಳಿನೀಲಿ ಶರ್ಟು, ಬೆರಳಿಗೆ ಅಂಟಿದ ಚಾಕ್‌ಪೀಸಿನ ಪುಡಿ. "ಹುಡುಗ ನನಗೂ ಆವತ್ತಿನ ಹಾಜರಿ ಹಾಕ್ಯಾನ, ತಗೋರಿ," ಎಂದು ಮೆಲ್ಲಗೆ ಹೇಳಿದ. ನಾನು ಕಣ್ಣು ಬಿಟ್ಟು ಹೆದರಿಸಿದೆ. ಅವನು ಹೆದರುವ ಪೈಕಿಯಲ್ಲ. ತುಟಿ ಬಿಗಿಹಿಡಿದು ನಕ್ಕ.

ಮನಸ್ಸಿನಲ್ಲಿ ಅವನು, ಬಾಯಲ್ಲಿ ನೀವು. ನಮ್ಮದು ಅಲ್ಲಿಗೇ ನಿಂತಿತ್ತು.

ಅವನು ವಿಜ್ಞಾನದ ಅತಿಥಿ ಶಿಕ್ಷಕ. ಹಗರಿಬೊಮ್ಮನಹಳ್ಳಿ ಸ್ಟೇಷನ್ ಹತ್ತಿರ ಮನೆ, ತಾಯಿ ನರ್ಸ್, ಪಡಸಾಲೆಯಲ್ಲಿ ಬುದ್ಧನ ಫೋಟೋ. ನಮ್ಮದು ಕೊಟ್ಟೂರು, ಲಿಂಗಾಯತರ ಮನೆ. ಅಪ್ಪಾಜಿ ಶಿವಯೋಗಪ್ಪನವರು ಕಿರಾಣಿ ಅಂಗಡಿ ಗಲ್ಲೆಯ ಮೇಲೆ ಕೂತಲ್ಲಿಂದಲೇ ಎಲ್ಲರ ಕುಲಗೋತ್ರ ಹೇಳುವವರು. ಹೋದ ವಾರ ಲ್ಯಾಬಿನಲ್ಲಿ ಗಾಜಿನ ನಳಿಗೆ ಎಣಿಸುತ್ತಾ ಪ್ರಬುದ್ಧ ಕೇಳಿದ್ದ: "ನಮ್ಮವ್ವನ್ನ ನಿಮ್ಮ ಮನಿಗೆ ಕರ್ಕೊಂಡು ಬರ್ಲೇನ್ರಿ?" ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಪರೀಕ್ಷೆ ಮುಗಿಯಲಿ ಎಂದೆ. ಇಪ್ಪತ್ತೇಳು ವರ್ಷದ ಹೆಣ್ಣು ನಾನು, ಅಪ್ಪನ ಕೆಮ್ಮು ಕೇಳಿದರೆ ಈಗಲೂ ಎದ್ದು ನಿಲ್ಲುತ್ತೇನೆ.

ಅಷ್ಟರಲ್ಲಿ ಅವನಿಗೆ ಹೊಳೆಯಾಚೆಯ ಒಂದು ವಸತಿ ಶಾಲೆಯಲ್ಲಿ ಕಾಯಂ ಕೆಲಸವಾಯಿತು. ನಾಳೆ ಬೆಳಿಗ್ಗೆ ಅಲ್ಲಿ ಹಾಜರಾಗಬೇಕು. ಇವತ್ತು ಮೂರು ಗಂಟೆಗೆ ಹುಲುಗಣ್ಣನ ತೆಪ್ಪ ಹತ್ತಿದರೆ ಮುಗಿಯಿತು, ಮತ್ತೆ ಈ ಊರಿಗೆ ಬರಲು ಅವನಿಗೆ ಯಾವ ಕಾರಣವೂ ಇರುವುದಿಲ್ಲ. ನಾನು ಕೊಡದ ಹೊರತು.

ಎರಡನೆಯವಳು ಸುಕನ್ಯಾ. "ಒಂಬತ್ತನೇ ಕ್ಲಾಸಿನ ಟ್ರಿಪ್ಪು, ಉಚ್ಚಂಗಿದುರ್ಗ. ಟೀಚರ್ ಚಪ್ಪಲಿ ಹರೀತು. ಪ್ರಬುದ್ಧ ಸರ್ ತಮ್ಮ ಚಪ್ಪಲಿ ಕೊಟ್ಟು ಬರಿಗಾಲಿಲೆ ಇಳಿದ್ರು."

ಚಪ್ಪಲಿ ಹರಿದದ್ದು ನಿಜ. ಆದರೆ ಬರಿಗಾಲಲ್ಲಿ ಇಳಿದವಳು ನಾನು. ಪಾದಕ್ಕೆ ಬೊಬ್ಬೆ ಬಂದು ವಾರಗಟ್ಟಲೆ ಕುಂಟಿದ್ದೆ. "ಯಾರ್ ಹೇಳಿಕೊಟ್ರು ನಿಮಗ?" ಎಂದು ಜೋರಾಗಿ ಕೇಳಿದೆ. ಮೂವತ್ತೊಂದು ಮಕ್ಕಳು ನನ್ನನ್ನೇ ನೋಡಿದರು. ಒಬ್ಬರ ಮುಖದಲ್ಲೂ ತುಂಟತನವಿರಲಿಲ್ಲ. ನನಗೆ ಜ್ವರ ಬಂದಾಗ ಮನೆಯವರು ನೋಡುವ ಹಾಗೆ ನೋಡುತ್ತಿದ್ದರು.

ಪೆನ್ನು ಹಿಡಿದು ತಾರೀಖು ಬರೆಯುವಾಗ ಎಂಥದೋ ನೆನಪಾಯಿತು. ನನ್ನ ಕಾಲಿಗೆ ಎರಡು ಬೆರಳಷ್ಟು ದೊಡ್ಡದಾದ ಗಂಡಸರ ಚಪ್ಪಲಿ, ಮೆಟ್ಟಿಲ ಮೇಲೆ ಅದರ ಪಟಪಟ ಸದ್ದು. ಎಲ್ಲಿಂದ ಬಂತು ಅದು? ಹೊರಗೆ ಮಾರ್ಚಿನ ಬಿಸಿಲು ಕಾಯುತ್ತಿತ್ತು.

ಆಮೇಲೆ ಅಮರೇಶ ಎದ್ದ. ಈ ಹುಡುಗ ಉತ್ತರ ಗೊತ್ತಿದ್ದರೂ ತಲೆ ಎತ್ತುವವನಲ್ಲ. "ಒಂಬತ್ತನೇ ಕ್ಲಾಸಿನ್ಯಾಗ, ಟೀಚರ್ ಅವ್ವ ತೀರ್ಕೊಂಡ ದಿನ," ಎಂದ. "ಫೋನ್ ಬಂತು. ಟೀಚರ್ ಬೋರ್ಡಿನ ಮುಂದ ಹಂಗೇ ನಿಂತ್ರು. ಸರ್ ಬೈಕ್ ತಗದು ಕೊಟ್ಟೂರಿಗೆ ಕರ್ಕೊಂಡು ಹೋದ್ರು."

ನನಗೆ ನಗು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಆ ದಿನ ನಾನು ಒಬ್ಬಳೇ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಹೋಗಿದ್ದೆ. ಒಬ್ಬರಾದರೂ ಜೊತೆಗೆ ಇರಬಾರದಿತ್ತೇ ಎಂದು ಎರಡು ತಾಸು ಅತ್ತಿದ್ದೆ. ಯಾರೂ ಇರಲಿಲ್ಲ. ಅದನ್ನು ನಾನು ಯಾರಿಗೂ ಹೇಳಿಲ್ಲ, ಅವನಿಗಂತೂ ಹೇಳಿಯೇ ಇಲ್ಲ.

ಪ್ರಬುದ್ಧನತ್ತ ನೋಡಿದೆ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

ಒಬ್ಬರಾದ ಮೇಲೊಬ್ಬರು ಹೇಳಿದರು. ಎಲ್ಲರ ನೆನಪಿನಲ್ಲೂ ಅವನಿದ್ದ, ನನ್ನಿಂದ ಒಂದು ಮಾರು ದೂರದಲ್ಲಿ. ಕೊನೆಗೆ ಉಳಿದವಳು ಕೊಟ್ರಬಸಮ್ಮ. ಮೂರು ವರ್ಷದಲ್ಲಿ ಅವಳು ನನ್ನ ಹತ್ತಿರ ಮಗ್ಗಿ ಬಿಟ್ಟು ಬೇರೇನೂ ಆಡಿದ್ದಿಲ್ಲ. ಮಗ್ಗಿ ಒಪ್ಪಿಸುವ ಅದೇ ದನಿಯಲ್ಲಿ ಹೇಳಿದಳು:

"ಸರ್ ಹೊಳ್ಯಾಗ ಹೋದ ದಿನ. ತೆಪ್ಪ ಮಗುಚಿತ್ತು. ಟೀಚರ್ ದಂಡಿ ಮ್ಯಾಲೆ ಕುಂತು, ನಾ ಹೇಳಲೇ ಇಲ್ಲ, ನಾ ಹೇಳಲೇ ಇಲ್ಲ ಅಂತ ಅಳ್ತಿದ್ರು. ನಾವೆಲ್ಲ ಸುತ್ತ ನಿಂತಿದ್ವಿ."

ಮೂವತ್ತು ಮಕ್ಕಳು ಹೌದೆಂದು ತಲೆಯಾಡಿಸಿದರು. ಇಬ್ಬರು ಹುಡುಗಿಯರು ಕಣ್ಣೊರೆಸಿಕೊಂಡರು. ಅವನು ಅಲ್ಲೇ ಜೀವಂತ ಕೂತಿದ್ದ, ಅವರ ಎದುರಿಗೇ.

"ಏ, ಹುಚ್ಚು ಹಿಡೀತೇನ ನಿಮಗ!" ಗುರುಸಂಗಪ್ಪನವರು ಗದರಿದರು. ಕೊಟ್ರಬಸಮ್ಮ ಅವರತ್ತ ತಿರುಗಲೂ ಇಲ್ಲ. ನನ್ನ ಪೆನ್ನನ್ನೇ ನೋಡುತ್ತಿದ್ದಳು.

"ತಾರೀಖು ಬರ್ಕೊಳ್ರಿ, ಟೀಚರ್."

"ಯಾವ ತಾರೀಖವ್ವ?"

"ಇವತ್ತಿಂದು."

ಸಮಾರಂಭ ಮುಗಿಯಿತು. ಬೂಂದಿ, ಪಲಾವ್. ಮಕ್ಕಳು ಏನೂ ಆಗದವರಂತೆ ತಿಂದರು, ಕಚ್ಚಾಡಿದರು, ಸೆಲ್ಫಿ ತೆಗೆದುಕೊಂಡರು. ನಾನು ಸ್ಟಾಫ್‌ರೂಮಿನಲ್ಲಿ ಕೂತು ನನಗೆ ನಾನೇ ಬುದ್ಧಿ ಹೇಳಿಕೊಂಡೆ. ಮಕ್ಕಳೆಲ್ಲ ಸೇರಿ ಆಟ ಆಡಿದ್ದಾರೆ, ಗಣಿತದ ಟೀಚರ್ ದೆವ್ವಕ್ಕೆ ಹೆದರಿದಳಂತೆ ಎಂದು ಊರೆಲ್ಲ ನಗುತ್ತದೆ ಎಂದೆ. ಗಡಿಯಾರದಲ್ಲಿ ಮೂರಕ್ಕೆ ಎಂಟು ನಿಮಿಷ ಇತ್ತು. ಚಪ್ಪಲಿ ಹುಡುಕುವಷ್ಟು ತಾಳ್ಮೆ ಉಳಿಯಲಿಲ್ಲ. ಓಡಿದೆ.

ಅವನ ಬ್ಯಾಗು ಆಗಲೇ ತೆಪ್ಪದಲ್ಲಿತ್ತು. ಒಂದು ಕಾಲೂ ಒಳಗಿತ್ತು.

"ಜಲ್ದಿ ಹತ್ರಿ ಸರ, ಮ್ಯಾಲಿನ ಡ್ಯಾಮಿಂದ ನೀರು ಬಿಟ್ಟಾರ," ಎನ್ನುತ್ತಿದ್ದ ಹುಲುಗಣ್ಣ.

"ಇಳೀರಿ," ಎಂದೆ. "ತೆಪ್ಪ ಬ್ಯಾಡ, ಬಸ್ಸಿಗೆ ಸುತ್ತು ಹಾಕಿ ಹೋಗ್ರಿ."

ಪ್ರಬುದ್ಧ ತಿರುಗಿ ನೋಡಿದ. ಮೊದಲು ನನ್ನ ಬರಿಗಾಲು, ಆಮೇಲೆ ಮುಖ. "ಹುಡುಗಿ ಮಾತಿಗೆ ಹೆದರಿದ್ರೇನು?"

"ಹೂಂ. ಹೆದರೀನಿ. ಆದ್ರ ಬರೇ ಅದಕ್ಕ ಬಂದಿಲ್ಲ." ಏದುಸಿರಿನಲ್ಲೇ ಮುಂದುವರಿಸಿದೆ. "ನಿಮ್ಮವ್ವನ್ನ ಕರ್ಕೊಂಡು ಬರ್ರಿ. ಬರೂ ಸೋಮವಾರನ ಬರ್ರಿ. ನೀವಂದ್ರ ನನಗ ಇಷ್ಟ, ಪ್ರಬುದ್ಧ. ಎಂಟು ತಿಂಗಳಿಂದ ಹೇಳಬೇಕಂತ ಬಾಯಿ ತಗದು ತಗದು ಮುಚ್ಚೀನಿ. ಸಾಕಾತು."

ಹುಲುಗಣ್ಣ ಹುಟ್ಟು ಕೈಯಲ್ಲಿ ಹಿಡಿದು ಹೊಳೆಯ ಕಡೆ ಮುಖ ಮಾಡಿದ. ದೊಡ್ಡ ಮನುಷ್ಯ.

ಪ್ರಬುದ್ಧ ನಿಧಾನವಾಗಿ ಕಾಲು ತೆಗೆದ, ಬ್ಯಾಗು ಎತ್ತಿಕೊಂಡ. ತೆಪ್ಪ ಹುಲುಗಣ್ಣನೊಬ್ಬನನ್ನೇ ಹೊತ್ತು ಸುತ್ತುತ್ತಾ ದಂಡೆ ಬಿಟ್ಟಿತು. ನನ್ನ ಹತ್ತಿರ ಬಂದು ನಿಂತಾಗ ಅವನ ಕೈ ನಾನೇ ಹಿಡಿದುಕೊಂಡೆ. ಬಿಸಿಲಿನಲ್ಲೂ ತಣ್ಣಗಿತ್ತು ಆ ಕೈ.

"ಒಂದು ಮಾತು ಹೇಳ್ತೀನಿ, ನಗಬಾರದು," ಎಂದ. "ಈ ಊರಿಗೆ ಬಂದ ಮೊದಲನೇ ದಿನ ಬಸ್ ಇಳಿದಾಗಿಂದ ನನಗ ಯಾರೋ ಅಳೋದು ಕೇಳಸ್ತಿತ್ತು. ನೀರಿನ ಕೆಳಗಿಂದ ಕೇಳಿದಂಗ. ಹೆಂಗಸಿನ ದನಿ. ಮರುದಿನ ಸ್ಟಾಫ್‌ರೂಮಿನ್ಯಾಗ ನೀವು ನಮಸ್ಕಾರ ಅಂದ್ರಿ ನೋಡ್ರಿ, ಅದ ದನಿ. ಅದಕ್ಕ ದಿನಾ ಕೇಳ್ತಿದ್ದೆ, ಆರಾಮಿದ್ದೀರಾ ಟೀಚರ್ ಅಂತ."

"ಈಗ?"

ಅವನು ತಲೆ ಓರೆ ಮಾಡಿ ಬಹಳ ಹೊತ್ತು ಆಲಿಸಿದ. ಹೊಳೆ ಹರಿಯುತ್ತಿತ್ತು.

"ಈಗ ಆ ಅಳು ಕೇಳಸವಲ್ದು," ಎಂದ.

ಕಣ್ಣೀರು ಬಂತು, ಬರಲಿ ಎಂದು ಬಿಟ್ಟೆ. ಇನ್ನೊಂದು ಕೈಯಲ್ಲಿ ಫೋನ್ ತೆಗೆದೆ. ಸೋಮವಾರದವರೆಗೆ ಕಾದರೆ ಮತ್ತೆ ಪುಕ್ಕಲಿಯಾಗುತ್ತೇನೆ, ನನ್ನ ಗುಣ ನನಗೆ ಗೊತ್ತು. ಎರಡನೇ ರಿಂಗಿಗೆ ಅಪ್ಪಾಜಿ ಎತ್ತಿದರು. ಹಿಂದೆ ಅಂಗಡಿಯ ಗದ್ದಲ, ತಕ್ಕಡಿಯ ಸದ್ದು.

"ಏನವ್ವ, ಹುಡುಗ್ರೆಲ್ಲ ಹೋದ್ವಾ?"

"ಹೋದ್ವು, ಅಪ್ಪಾಜಿ. ನಿಮ್ಮ ಹತ್ರ ಒಂದು ಮಾತಾಡದೈತಿ. ನಾ ಪೂರಾ ಹೇಳೋತನಕ ಫೋನ್ ಇಡಬ್ಯಾಡ್ರಿ."

ಆ ಕಡೆ ಅವರು ಕೆಮ್ಮಿದರು. ನಾನು ಪ್ರಬುದ್ಧನ ಕೈ ಬಿಡದೆ ಅವನ ಹೆಸರು ಹೇಳಿದೆ.